ಹಿಮದಡಿಯಿಂದ ಎದ್ದು ಬಂದ ಹರ್ಕ್ಯುಲಿಸ್ 321: ಒಂದು ಧ್ರುವ ಸಾಗಣೆ ವಿಮಾನದ ಸೇವೆ, ಪತನ ಮತ್ತು ಅದಕ್ಕೆ ತೆತ್ತ ಬೆಲೆ

ಅಂಟಾರ್ಕ್ಟಿಕಾದ ಅಡೇಲಿ ಲ್ಯಾಂಡ್ ಪ್ರದೇಶದ ಹಿಮದ ಬಯಲಿನಲ್ಲಿ 1971ರ ಡಿಸೆಂಬರ್ 4ರಂದು ಅಮೆರಿಕದ ನೌಕಾಪಡೆಗೆ ಸೇರಿದ ಹರ್ಕ್ಯುಲಿಸ್ ಸಾಗಣೆ ವಿಮಾನವೊಂದು ನೆಲಬಿಟ್ಟು ಮೇಲೇಳುವಷ್ಟರಲ್ಲೇ ಕುಸಿದು ಬಿದ್ದಿತು. ಅದರಲ್ಲಿದ್ದ 10 ಮಂದಿಯೂ ಬದುಕಿದರು. ವಿಮಾನವನ್ನು ಮಾತ್ರ ಅಲ್ಲಿಯೇ ಬಿಟ್ಟು ಬರಬೇಕಾಯಿತು. ವರ್ಷದಿಂದ ವರ್ಷಕ್ಕೆ ಹಿಮ ಅದನ್ನು ನುಂಗುತ್ತ ಬಂದು, ಕೊನೆಗೆ ಬಾಲದ ತುದಿಯಷ್ಟೇ ಹೊರಗುಳಿಯಿತು. ಇಷ್ಟಕ್ಕೇ ಮುಗಿದಿದ್ದರೆ ಇದು ಧ್ರುವ ಪ್ರದೇಶದ ಅಪಘಾತಗಳ ಪಟ್ಟಿಯಲ್ಲಿ ಇನ್ನೊಂದು ಸಾಲಾಗಿ ಉಳಿಯುತ್ತಿತ್ತು. ಆದರೆ 1988ರ ಜನವರಿ 10ರಂದು ಅದೇ ವಿಮಾನ ಅದೇ ಬಯಲಿನಿಂದ ಹಾರಿ ಅಂಟಾರ್ಕ್ಟಿಕಾದ ಕರಾವಳಿಯಲ್ಲಿರುವ ಅಮೆರಿಕದ ಮೆಕ್‌ಮರ್ಡೊ ನೆಲೆಯನ್ನು ತಲುಪಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಅದರ ದುರಸ್ತಿಗೆ ಬೇಕಾದ ಬಿಡಿಭಾಗಗಳನ್ನು ಹೊತ್ತು ಅಲ್ಲಿಗೆ ಬಂದ ಇನ್ನೊಂದು ಹರ್ಕ್ಯುಲಿಸ್ ಇಳಿಯುವಾಗ ಅಪ್ಪಳಿಸಿ ಇಬ್ಬರು ಪ್ರಾಣ ಕಳೆದುಕೊಂಡಿದ್ದರು.

ಈ ಎರಡು ವಿಮಾನಗಳ ಕಥೆಯನ್ನು ಬಿಡಿಬಿಡಿಯಾಗಿ ಹೇಳುವವರೇ ಹೆಚ್ಚು. ಒಂದನ್ನು ಸಾಹಸವೆಂದೂ ಇನ್ನೊಂದನ್ನು ದುರಂತವೆಂದೂ ಬೇರ್ಪಡಿಸಿ ಓದಿದರೆ ಧ್ರುವ ಪ್ರದೇಶದ ವಿಮಾನಯಾನದ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಊರಿನ ವಿಮಾನ ನಿಲ್ದಾಣದಲ್ಲಿ ಚಕ್ರ ಮುರಿದ ವಿಮಾನವನ್ನು ಮರುದಿನವೇ ಕಾರ್ಯಾಗಾರಕ್ಕೆ ಎಳೆದೊಯ್ಯಬಹುದು. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಅಷ್ಟೇ ಪೆಟ್ಟು ತಿಂದ ವಿಮಾನದ ಬಳಿಗೆ ಒಂದು ಸ್ಪ್ಯಾನರ್ ತಲುಪಿಸಬೇಕಾದರೂ ಇನ್ನೊಂದು ವಿಮಾನ ಅದೇ ಅಪಾಯದ ಹಿಮದ ಮೇಲೆ ಇಳಿಯಬೇಕು, ಅದೇ ಅಪಾಯದ ಹಿಮದಿಂದ ಏಳಬೇಕು. ವಿಮಾನ ಬಿದ್ದ ದಿನಕ್ಕೆ ನಷ್ಟದ ಲೆಕ್ಕ ಮುಗಿಯುವುದಿಲ್ಲ. ಅದು ಅಲ್ಲಿಂದಲೇ ಶುರುವಾಗುತ್ತದೆ.

ಅಂಥ ವಿಮಾನ ಏಕೆ ಬೇಕಾಯಿತೆಂಬುದನ್ನು ಮೊದಲು ನೋಡಬೇಕು. 1950ರ ದಶಕದ ನಡುವಿನವರೆಗೂ ಅಂಟಾರ್ಕ್ಟಿಕಾದ ಕರಾವಳಿಯನ್ನು ಹಡಗಿನಲ್ಲಿ ತಲುಪುವುದು ಸಾಧ್ಯವಿತ್ತಾದರೂ ಒಳನಾಡು ಬಹುಮಟ್ಟಿಗೆ ನಾಯಿಗಾಡಿಗಳಿಗೂ ಟ್ರ್ಯಾಕ್ಟರುಗಳಿಗೂ ಎಟಕುವ ಜಾಗವಾಗಿತ್ತು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷಕ್ಕಾಗಿ ದಕ್ಷಿಣ ಧ್ರುವದಲ್ಲೇ ಒಂದು ಕೇಂದ್ರ ಕಟ್ಟಲು ಅಮೆರಿಕ ನಿರ್ಧರಿಸಿತು; ಸಾಗಣೆಯ ಹೊಣೆ ನೌಕಾಪಡೆಯ ‘ಆಪರೇಷನ್ ಡೀಪ್ ಫ್ರೀಜ್’ ಕಾರ್ಯಾಚರಣೆಗೂ, ಅದಕ್ಕೆಂದೇ 1955ರಲ್ಲಿ ಕಟ್ಟಿದ ವಿಎಕ್ಸ್-6 ಎಂಬ ಸ್ಕ್ವಾಡ್ರನ್‌ಗೂ ಬಂತು. 1956ರ ಅಕ್ಟೋಬರ್ 31ರಂದು ‘ಕೆ ಸೆರಾ ಸೆರಾ’ ಎಂಬ ಹೆಸರಿನ, ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳಾದ ಸ್ಕೀಗಳನ್ನು ಕಟ್ಟಿದ ಆರ್4ಡಿ ವಿಮಾನ ದಕ್ಷಿಣ ಧ್ರುವದಲ್ಲಿ ಇಳಿದ ಮೊದಲ ವಿಮಾನವಾಯಿತು. ಅದನ್ನು ನಡೆಸಿದವರು ಗಸ್ ಶಿನ್. ಜೊತೆಯಲ್ಲಿದ್ದವರು ರಿಯರ್ ಅಡ್ಮಿರಲ್ ಜಾರ್ಜ್ ಡ್ಯೂಫೆಕ್. ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ವಿಮಾನ ನೆಲದ ಮೇಲಿದ್ದದ್ದು 49 ನಿಮಿಷ. ಅಷ್ಟರಲ್ಲೇ ಸ್ಕೀಗಳು ಹಿಮಕ್ಕೆ ಅಂಟಿಕೊಂಡು, ಎರಡೂ ಎಂಜಿನ್‌ಗಳನ್ನು ಪೂರ್ಣ ಶಕ್ತಿಯಲ್ಲಿ ಓಡಿಸಿದರೂ ವಿಮಾನ ಕದಲಲಿಲ್ಲ. ಒಡಲಿಗೆ ಕಟ್ಟಿದ್ದ 15 ಪುಟ್ಟ ರಾಕೆಟ್‌ಗಳನ್ನೂ ಉರಿಸಿದ ಮೇಲೆಯೇ ಅದು ಅಲ್ಲಿಂದ ಬಿಡಿಸಿಕೊಂಡು ಮೇಲೆದ್ದಿತು.

ಈ ರಾಕೆಟ್‌ಗಳ ಹೆಸರು ಜಾಟೊ. ಮುಂದಿನ ಕಥೆಯಲ್ಲಿ ಇವುಗಳ ಪಾತ್ರ ದೊಡ್ಡದು.

ಆರ್4ಡಿ ಸಣ್ಣ ವಿಮಾನ. ಧ್ರುವದಲ್ಲಿ ಒಂದು ಕೇಂದ್ರವನ್ನು ವರ್ಷಗಟ್ಟಲೆ ಸಾಕಲು ಅದರಿಂದ ಆಗುತ್ತಿರಲಿಲ್ಲ. ಭಾರಿ ಸಾಮಾನುಗಳನ್ನು ದೊಡ್ಡ ಗ್ಲೋಬ್‌ಮಾಸ್ಟರ್ ವಿಮಾನಗಳು ಆಕಾಶದಿಂದಲೇ ಪ್ಯಾರಾಚೂಟ್ ಕಟ್ಟಿ ಉದುರಿಸುತ್ತಿದ್ದವು. ಹಾಗೆ ಸಾಮಾನನ್ನು ಕೆಳಗೆ ಕಳಿಸಬಹುದೇ ಹೊರತು ಯಾವುದನ್ನೂ ವಾಪಸ್ ತರಲಾಗದು. ಕಾಯಿಲೆ ಬಿದ್ದ ಮನುಷ್ಯನನ್ನಂತೂ ತರಲಾಗದು. ಈ ಕೊರತೆಯನ್ನು ನೀಗಿಸಿದ್ದು ಲಾಕ್‌ಹೀಡ್ ಕಂಪನಿಯ ಸಿ-130 ಹರ್ಕ್ಯುಲಿಸ್. 1954ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ನಾಲ್ಕು ಟರ್ಬೊಪ್ರಾಪ್ ಎಂಜಿನ್‌ಗಳು, ಒಡಲಿನ ಮೇಲ್ತುದಿಗೆ ಜೋಡಿಸಿದ ರೆಕ್ಕೆ, ಹಿಂಬದಿಯಲ್ಲಿ ನೆಲಕ್ಕೆ ಇಳಿಯುವ ದೊಡ್ಡ ಬಾಗಿಲು. ರೆಕ್ಕೆ ಮೇಲಿರುವುದರಿಂದ ಪ್ರೊಪೆಲ್ಲರ್‌ಗಳು ಹಿಮದ ದಿಬ್ಬಗಳಿಗೆ ತಾಗುವ ಭಯ ಕಡಿಮೆ; ಒಡಲು ನೆಲಕ್ಕೆ ಹತ್ತಿರವಿರುವುದರಿಂದ ಕ್ರೇನ್ ಇಲ್ಲದ ಜಾಗದಲ್ಲೂ ಸಾಮಾನು ಇಳಿಸಬಹುದು. ಕಚ್ಚಾ ಮಣ್ಣಿನ ರನ್‌ವೇಗಳಿಗಾಗಿ ರೂಪಿಸಿದ ಈ ಗುಣಗಳೇ ಹಿಮದ ಮೇಲೂ ಕೆಲಸಕ್ಕೆ ಬಂದವು. 1960ರ ಜನವರಿಯಲ್ಲಿ ಅಮೆರಿಕದ ವಾಯುಪಡೆಯ ಸ್ಕೀ ಹರ್ಕ್ಯುಲಿಸ್‌ಗಳು ಅಂಟಾರ್ಕ್ಟಿಕಾದಲ್ಲಿ ಇಳಿದು ಅದನ್ನು ಸಾಬೀತುಪಡಿಸಿದವು. ಅದೇ ವರ್ಷ ನೌಕಾಪಡೆ ತನ್ನದೇ ನಾಲ್ಕು ಸ್ಕೀ ಹರ್ಕ್ಯುಲಿಸ್‌ಗಳನ್ನು ಪಡೆಯಿತು. ಅವುಗಳ ಸಂಖ್ಯೆ 148318ರಿಂದ 148321. ನಾಲ್ಕನೆಯದೇ ನಮ್ಮ 321. ಮುಂದೆ ಈ ಮಾದರಿಗೆ ಎಲ್‌ಸಿ-130ಎಫ್ ಎಂಬ ಹೆಸರು ನೆಲೆಗೊಂಡಿತು.

ಈ ವಿಮಾನದ ಕಾಲುಗಳನ್ನು ಹತ್ತಿರದಿಂದ ನೋಡಿದರೆ ಇಡೀ ಯಂತ್ರದ ಸ್ವಭಾವ ಅರ್ಥವಾಗುತ್ತದೆ. ಮೂಗಿನ ಕೆಳಗಿನ ಸ್ಕೀ ಸುಮಾರು 10 ಅಡಿ ಉದ್ದ, ಎರಡು ಪಕ್ಕದ ಮುಖ್ಯ ಸ್ಕೀಗಳು ತಲಾ 20 ಅಡಿ ಉದ್ದ, ಅಗಲ ಐದೂವರೆ ಅಡಿ. ಚಕ್ರಗಳನ್ನು ತೆಗೆದು ಸ್ಕೀ ಹಾಕಿದ್ದಲ್ಲ. ಸ್ಕೀಯ ನಡುವೆ ಬಿಟ್ಟಿರುವ ಸಂದಿಯ ಮೂಲಕ ಚಕ್ರ ಇಣುಕುತ್ತದೆ. ಪೈಲಟ್ ಹೈಡ್ರಾಲಿಕ್ ಒತ್ತಡದಿಂದ ಸ್ಕೀಯನ್ನು ಕೆಳಗಿಳಿಸಿದರೆ ವಿಮಾನ ಹಿಮದ ಮೇಲೆ ಜಾರುತ್ತದೆ, ಮೇಲಕ್ಕೆತ್ತಿದರೆ ಚಕ್ರದ ಮೇಲೆ ಉರುಳುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಡಾಂಬರು ರನ್‌ವೇಯಿಂದ ಎದ್ದು, ಸುಮಾರು 3,800 ಕಿಲೋಮೀಟರ್ ಸಮುದ್ರ ದಾಟಿ, ಹಿಮದ ಮೇಲೆ ಇಳಿಯುವುದು ಇದರಿಂದಲೇ ಸಾಧ್ಯ. ಸ್ಕೀಯ ಅಡಿಭಾಗಕ್ಕೆ ಜಾರುವ ಟೆಫ್ಲಾನ್ ಲೇಪವಿದೆ. ಆದರೂ ಓಡುವಾಗಿನ ಘರ್ಷಣೆಯ ಶಾಖಕ್ಕೆ ಹಿಮ ಒಂದಿಷ್ಟು ಕರಗಿ, ವಿಮಾನ ನಿಂತೊಡನೆ ಮತ್ತೆ ಹೆಪ್ಪುಗಟ್ಟಿ ಸ್ಕೀಯನ್ನು ಹಿಡಿದುಬಿಡುತ್ತದೆ. ಧ್ರುವದಲ್ಲಿ ಸಾಮಾನು ಇಳಿಸುವಾಗಲೂ ಎಂಜಿನ್‌ಗಳನ್ನು ನಿಲ್ಲಿಸುವುದಿಲ್ಲ. ಆ ಚಳಿಯಲ್ಲಿ ಒಮ್ಮೆ ನಿಂತ ಎಂಜಿನ್ ಮತ್ತೆ ಚಾಲೂ ಆಗುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಯಾರೂ ಸಿದ್ಧಪಡಿಸದ ಹಿಮದ ಮೇಲೆ ಇಳಿಯುವ ಕ್ರಮ ಇನ್ನೂ ಸೂಕ್ಷ್ಮವಾದದ್ದು. ಪೈಲಟ್ ಮೊದಲು ಪೂರ್ತಿ ಇಳಿಯುವುದೇ ಇಲ್ಲ. ಸ್ಕೀಗಳನ್ನು ಹಿಮಕ್ಕೆ ತಾಗಿಸಿ, ವೇಗವನ್ನು ಬಿಡದೆ ಒಂದಷ್ಟು ದೂರ ಎಳೆದುಕೊಂಡು ಹೋಗಿ ಮತ್ತೆ ಮೇಲೇಳುತ್ತಾನೆ. ಬಳಿಕ ಸುತ್ತು ಹಾಕಿ ಬಂದು, ಸ್ಕೀ ಎಳೆದ ಗೆರೆಗಳನ್ನು ಮೇಲಿನಿಂದ ನೋಡುತ್ತಾನೆ. ಗೆರೆಯಲ್ಲಿ ಎಲ್ಲಾದರೂ ಕಪ್ಪು ರಂಧ್ರವೋ ನೀಲಿ ಛಾಯೆಯೋ ಕಂಡರೆ ಅದರ ಕೆಳಗೆ ಹಿಮಬಿರುಕು ಬಾಯ್ದೆರೆದಿದೆ ಎಂದರ್ಥ. ಬಿರುಕಿಲ್ಲದ ಜಾಗದಲ್ಲೂ ಸಾಸ್ಟ್ರುಗಿ ಎಂಬ ಅಡೆತಡೆ ಇರುತ್ತದೆ. ಗಾಳಿ ಕೆತ್ತಿದ, ಕಲ್ಲಿನಷ್ಟು ಗಟ್ಟಿಯಾದ ಹಿಮದ ಏರುಗಳಿವು. ಮೋಡ ಕವಿದ ದಿನ ಆಕಾಶವೂ ನೆಲವೂ ಒಂದೇ ಬಿಳುಪಾಗಿ, ನೆರಳೇ ಬೀಳದೆ, ಈ ಏರುಗಳು ಕಣ್ಣಿಗೆ ಕಾಣುವುದೇ ಇಲ್ಲ. ಸ್ಕೀ ತಾಗಿದಾಗಲೇ ಗೊತ್ತಾಗಬೇಕು.

ಇಂಥ ನಾಲ್ಕು ವಿಮಾನಗಳು 1960ರ ದಶಕದಲ್ಲಿ ಮಾಡಿದ ಕೆಲಸ ಅಂಟಾರ್ಕ್ಟಿಕಾದ ವಿಜ್ಞಾನದ ದಿಕ್ಕನ್ನೇ ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. 1961ರ ಏಪ್ರಿಲ್‌ನಲ್ಲಿ, ಚಳಿಗಾಲದ ಕತ್ತಲು ಇಳಿದ ಮೇಲೆ, ವಿಎಕ್ಸ್-6ರ ಹರ್ಕ್ಯುಲಿಸ್ ಒಂದು ಒಳನಾಡಿನಲ್ಲಿದ್ದ ಅಮೆರಿಕದ ಬರ್ಡ್ ಕೇಂದ್ರಕ್ಕೆ ಹೋಗಿ, ಅಲ್ಲಿ ಕಾಯಿಲೆ ಬಿದ್ದಿದ್ದ ಸೋವಿಯತ್ ವಿಜ್ಞಾನಿ ಲಿಯೊನಿದ್ ಕುಪೆರೊವ್ ಅವರನ್ನು ಕರೆತಂದಿತು. ಶೀತಲ ಸಮರ ಬಿಸಿಯೇರಿದ್ದ ಆ ವರ್ಷದಲ್ಲಿ ಅಮೆರಿಕದ ನೌಕಾಪಡೆ ಒಬ್ಬ ಸೋವಿಯತ್ ಪ್ರಜೆಗಾಗಿ ಅಂಥ ಹಾರಾಟಕ್ಕೆ ಇಳಿದದ್ದನ್ನು ಇಂದಿಗೂ ಗೌರವದಿಂದ ನೆನೆಯಬೇಕು. 1963ರ ಸೆಪ್ಟೆಂಬರ್ 30ರಂದು ಎರಡು ಹರ್ಕ್ಯುಲಿಸ್‌ಗಳು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಿಂದ ಹೊರಟು, ದಕ್ಷಿಣ ಧ್ರುವದ ಮೇಲಿಂದ, 14 ಗಂಟೆಗೂ ಮೀರಿ ಎಲ್ಲೂ ಇಳಿಯದೆ ಹಾರಿ ಮೆಕ್‌ಮರ್ಡೊ ಸೇರಿದವು. ಇವೆಲ್ಲ ಸುದ್ದಿಯಾದ ಹಾರಾಟಗಳು. ಸುದ್ದಿಯಾಗದ ನೂರಾರು ಹಾರಾಟಗಳಲ್ಲಿ ಇಂಧನ, ಆಹಾರ, ಮರಮುಟ್ಟು, ಉಪಕರಣ ಮತ್ತು ಮನುಷ್ಯರು ಒಳನಾಡಿಗೆ ಹೋಗಿ ಬಂದರು. ವಿಜ್ಞಾನಿಯೊಬ್ಬ ವಾರಗಟ್ಟಲೆ ಟ್ರ್ಯಾಕ್ಟರಿನಲ್ಲಿ ತೆವಳಿ ತಲುಪಬೇಕಿದ್ದ ಜಾಗವನ್ನು ಕೆಲವೇ ಗಂಟೆಗಳಲ್ಲಿ ತಲುಪತೊಡಗಿದ. ನಾಲ್ಕೇ ವಿಮಾನಗಳಿದ್ದುದರಿಂದ ಒಂದೊಂದರ ಮೇಲೂ ಇಡೀ ಖಂಡದ ಕೆಲಸದ ಕಾಲುಭಾಗ ನಿಂತಿತ್ತು ಎಂಬುದನ್ನು ಮರೆಯಬಾರದು. ಮುಂದೆ ಬಂದ ಕಷ್ಟದ ಮೂಲ ಅಲ್ಲಿದೆ.

1971 ಆ ಪಡೆಗೆ ಕೆಟ್ಟ ವರ್ಷ. ಫೆಬ್ರುವರಿಯಲ್ಲಿ ಮೊದಲನೆಯ ವಿಮಾನ 318, ಮೆಕ್‌ಮರ್ಡೊದಲ್ಲಿ ನೆಲದ ಮೇಲೆ ಸಾಗುತ್ತಿದ್ದಾಗಲೇ ಹಿಮದ ದಿಬ್ಬಕ್ಕೆ ತಗುಲಿ, ಬೆಂಕಿ ಹತ್ತಿ ಸುಟ್ಟುಹೋಯಿತು. ಉಳಿದ ವಿಮಾನಗಳಿಗೆ ಕೆಲಸ ಹೆಚ್ಚಿತು. ಆ ಋತುವಿನ ಕೆಲಸಗಳಲ್ಲಿ ಒಂದು, ಕರಾವಳಿಯ ಡ್ಯುಮೊಂ ದ್ಯುರ್ವಿಲ್ ನೆಲೆಯಿಂದ ಒಳನಾಡಿನ ಸೋವಿಯತ್ ಕೇಂದ್ರ ವೊಸ್ತೊಕ್ ಕಡೆಗೆ ನೆಲದ ಮೇಲೆ ಪಯಣ ಹೊರಟಿದ್ದ ಫ್ರೆಂಚ್ ಹಿಮವಿಜ್ಞಾನಿಗಳ ತಂಡಕ್ಕೆ ಸಾಮಾನು ತಲುಪಿಸುವುದು. ಅಮೆರಿಕದ ವಿಮಾನ, ಫ್ರೆಂಚರ ತಂಡ, ಸೋವಿಯತ್ತರ ಗುರಿ; ಅಂಟಾರ್ಕ್ಟಿಕ್ ಒಪ್ಪಂದದ ಸಹಕಾರ ನೆಲಮಟ್ಟದಲ್ಲಿ ಹೇಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕರಾವಳಿಯ ನೆಲೆಯಿಂದ ಸುಮಾರು 200 ಕಿಲೋಮೀಟರ್ ಒಳಗೆ, ಪಯಣದ ಹಾದಿಯಲ್ಲಿ ಡಿ-59 ಎಂದು ಗುರುತಿಸಿದ ಬಿಂದುವಿನಲ್ಲಿ 321 ಇಳಿದು ತನ್ನ ಹೊರೆಯನ್ನು ಇಳಿಸಿತು. ಅಲ್ಲಿಂದ ಮೆಕ್‌ಮರ್ಡೊಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಹಿಂದಿರುಗಲು ಮೇಲೇಳುವಾಗ ಸಿಬ್ಬಂದಿ ಜಾಟೊ ಬಳಸಿದರು. ಅಂಥ ಜಾಗದಲ್ಲಿ ಅದು ರೂಢಿಯ ಕ್ರಮ. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ಮೆದು ಹಿಮ ಸ್ಕೀಗಳನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಹಾರುವ ವೇಗಕ್ಕೆ ಇನ್ನೇನು ಸ್ವಲ್ಪವಿದೆ ಎನ್ನುವಲ್ಲಿ ವಿಮಾನ ಮುಂದೆ ಹೋಗದೆ ಏದುಸಿರು ಬಿಡುತ್ತದೆ. ಹರ್ಕ್ಯುಲಿಸ್‌ನ ಹಿಂಬದಿಯ ಎರಡೂ ಪಕ್ಕಗಳಲ್ಲಿ ತಲಾ ನಾಲ್ಕರಂತೆ ಎಂಟು ಜಾಟೊ ಸೀಸೆಗಳನ್ನು ತೂಗುಹಾಕಬಹುದು. ಒಂದೊಂದೂ ಸುಮಾರು 15 ಸೆಕೆಂಡ್ ಕಾಲ 1,000 ಪೌಂಡ್, ಅಂದರೆ ಸುಮಾರು 450 ಕಿಲೋಗ್ರಾಂ ಬಲದ ತಳ್ಳುವಿಕೆಯನ್ನು ಕೊಡುತ್ತದೆ. ಒಳಗಿರುವುದು ಘನ ಇಂಧನ. ಒಮ್ಮೆ ಹೊತ್ತಿದರೆ ಅದನ್ನು ತಗ್ಗಿಸಲೂ ಆಗದು, ನಂದಿಸಲೂ ಆಗದು, ಉರಿದೇ ತೀರಬೇಕು. ಸೀಸೆ ತನ್ನ ಕೊಂಡಿಯಲ್ಲಿ ಭದ್ರವಾಗಿರುವಷ್ಟು ಹೊತ್ತು ಆ ಬಲ ವಿಮಾನದ್ದು. ಕೊಂಡಿ ತಪ್ಪಿತೆಂದರೆ ಅದು ಗುರಿಯಿಲ್ಲದ ರಾಕೆಟ್.

ಡಿಸೆಂಬರ್ 4ರಂದು ಆದದ್ದು ಅದೇ. ವಿಮಾನ ಸುಮಾರು 50 ಅಡಿ ಎತ್ತರದಲ್ಲಿದ್ದಾಗ ಎಡಪಕ್ಕದ ಎರಡು ಜಾಟೊ ಸೀಸೆಗಳು ಕಳಚಿಕೊಂಡವು. ಅವುಗಳಲ್ಲಿ ಒಂದು ಮುಂದಕ್ಕೆ ನುಗ್ಗಿ ಎಡರೆಕ್ಕೆಯ ಒಳಬದಿಯ ಎಂಜಿನ್ನಿಗೆ ಬಡಿಯಿತು. ಆ ಎಂಜಿನ್ನಿನ ಪ್ರೊಪೆಲ್ಲರ್ ಛಿದ್ರವಾಗಿ, ಅದರ ಚೂರುಗಳು ಪಕ್ಕದ ಹೊರಬದಿಯ ಎಂಜಿನ್ನನ್ನೂ ಕೆಡಿಸಿದವು. ಕ್ಷಣಾರ್ಧದಲ್ಲಿ ಎಡಪಕ್ಕದ ಎರಡೂ ಎಂಜಿನ್‌ಗಳು ಹೋದವು. ಬಲಪಕ್ಕದ ಎರಡು ಪೂರ್ಣ ಶಕ್ತಿಯಲ್ಲಿ ಎಳೆಯುತ್ತಲೇ ಇದ್ದವು. ಹರ್ಕ್ಯುಲಿಸ್ ಎರಡೇ ಎಂಜಿನ್‌ಗಳ ಮೇಲೆ ಹಾರಬಲ್ಲದು, ಆದರೆ ಅದಕ್ಕೆ ವೇಗವೂ ಎತ್ತರವೂ ಇರಬೇಕು. ಬಾಲದ ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ಹರಿಯುವ ಗಾಳಿಯ ಬಲದಿಂದ. ಆಗತಾನೇ ನೆಲಬಿಟ್ಟ ವಿಮಾನದಲ್ಲಿ ಆ ಗಾಳಿ ಒಂದೇ ಪಕ್ಕದ ಎಳೆತವನ್ನು ಸರಿದೂಗಿಸಲು ಸಾಲದು. ವಿಮಾನ ಹಿಮಕ್ಕೆ ಬಡಿದು, ಮೂಗಿನ ಸ್ಕೀ ಮುರಿದು, ಜಾರುತ್ತ ನಿಂತಿತು. ಒಡಲು ಒಡೆಯಲಿಲ್ಲ, ಬೆಂಕಿ ಎಲ್ಲವನ್ನೂ ನುಂಗಲಿಲ್ಲ. ಕೆಟ್ಟ ಹವಾಮಾನದಿಂದಾಗಿ ಸಿಬ್ಬಂದಿ ಕೆಲದಿನ ಕಾಯಬೇಕಾದರೂ ಎಲ್ಲರನ್ನೂ ಸುರಕ್ಷಿತವಾಗಿ ಕರೆತರಲಾಯಿತು.

ವಿಮಾನ ಮಾತ್ರ ಉಳಿಯಿತು. ಅದನ್ನು ಹೂಳಿದ್ದು ಆಕಾಶದಿಂದ ಬಿದ್ದ ಹಿಮ ಎಂದುಕೊಂಡರೆ ಅರ್ಧ ನಿಜ. ಅಂಟಾರ್ಕ್ಟಿಕಾದಲ್ಲಿ ಹೊಸ ಹಿಮ ಬೀಳುವುದು ಕಡಿಮೆ; ಹೂಳುವ ಕೆಲಸ ಗಾಳಿಯದ್ದು. ಒಳನಾಡಿನ ಎತ್ತರದ ಹಿಮಪೀಠದ ಮೇಲೆ ತಣ್ಣಗಾದ ಗಾಳಿ ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಕರಾವಳಿಯತ್ತ ಹರಿಯುತ್ತದೆ. ಅಡೇಲಿ ಲ್ಯಾಂಡ್ ಮತ್ತು ಅದರ ನೆರೆಯ ಕರಾವಳಿಯಲ್ಲಿ ಈ ಹರಿವು ಭೂಮಿಯ ಬೇರಾವುದೇ ತಗ್ಗುನೆಲದಲ್ಲಿ ಕಾಣದಷ್ಟು ಬಲವಾಗಿರುತ್ತದೆ; ಆಸ್ಟ್ರೇಲಿಯಾದ ಅನ್ವೇಷಕ ಡಗ್ಲಾಸ್ ಮಾಸನ್ ಅವರ ತಂಡ 1912-13ರಲ್ಲಿ ಅಲ್ಲಿಗೆ ಹತ್ತಿರದ ಕೇಪ್ ಡೆನಿಸನ್‌ನಲ್ಲಿ ಅಳೆದ ಗಾಳಿಯ ವೇಗಗಳನ್ನು ಹೊರಗಿನವರು ಮೊದಲು ನಂಬಲೇ ಇಲ್ಲ. ಈ ಗಾಳಿ ಹಿಮದ ಕಣಗಳನ್ನು ನೆಲಕ್ಕೆ ಸಮವಾಗಿ ಹೊತ್ತೊಯ್ಯುತ್ತಿರುವಾಗ ಅಡ್ಡ ಸಿಕ್ಕ ಯಾವುದೇ ವಸ್ತುವಿನ ಮರೆಯಲ್ಲಿ ವೇಗ ತಗ್ಗುತ್ತದೆ, ಕಣಗಳು ಅಲ್ಲಿ ಬೀಳುತ್ತವೆ, ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಹರ್ಕ್ಯುಲಿಸ್‌ನ ಬಾಲ ನೆಲದಿಂದ 11 ಮೀಟರಿಗೂ ಎತ್ತರ, ಮೂರಂತಸ್ತಿನ ಮನೆಯಷ್ಟು. 1980ರ ದಶಕದ ನಡುವಿನ ಹೊತ್ತಿಗೆ ಅದರಲ್ಲಿ ಸುಮಾರು ಒಂದು ಮೀಟರ್ ಮಾತ್ರ ಕಾಣುತ್ತಿತ್ತು. ಭಾರತಕ್ಕೂ ಈ ಪಾಠ ಅದೇ ದಶಕದಲ್ಲಿ ಆಯಿತು: ನಮ್ಮ ಮೊದಲ ಅಂಟಾರ್ಕ್ಟಿಕ್ ಕೇಂದ್ರ ದಕ್ಷಿಣ ಗಂಗೋತ್ರಿ 1983-84ರಲ್ಲಿ ಕಟ್ಟಿದ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಗಿ, 1990ರ ಹೊತ್ತಿಗೆ ಅದನ್ನು ಬಿಟ್ಟು ಮೈತ್ರಿ ಎಂಬ ಹೊಸ ಕೇಂದ್ರಕ್ಕೆ ಹೋಗಬೇಕಾಯಿತು.

ಆದರೆ ಹೂಳುವ ಹಿಮವೇ ಕಾಪಾಡುವುದೂ ಉಂಟು. ವರ್ಷವಿಡೀ ಸೊನ್ನೆಗಿಂತ ಬಹಳ ಕೆಳಗಿರುವ ಒಣ ಚಳಿಯಲ್ಲಿ ಅಲ್ಯೂಮಿನಿಯಂ ಸವೆಯುವ ರಾಸಾಯನಿಕ ಕ್ರಿಯೆಗಳು ಬಹುಪಾಲು ನಿಂತೇ ಹೋಗುತ್ತವೆ. ಮಂಗಳೂರಿನಂಥ ಕಡಲತೀರದ ಉಪ್ಪುಗಾಳಿಯಲ್ಲಿ ಅಷ್ಟು ವರ್ಷ ನಿಂತ ವಿಮಾನ ಗುಜರಿಗೆ ಹೋಗುತ್ತಿತ್ತು. ಡಿ-59ರಲ್ಲಿ ಹೂತದ್ದು ಬಹಳಮಟ್ಟಿಗೆ ಬಿಟ್ಟ ಸ್ಥಿತಿಯಲ್ಲೇ ಇತ್ತು.

ಬಿದ್ದ ಕೂಡಲೇ ಅದನ್ನು ತರುವ ಯೋಚನೆ ಏಕೆ ಮಾಡಲಿಲ್ಲ ಎಂಬ ಪ್ರಶ್ನೆ ಸಹಜ. ಆಗ ಅಂಥ ಕೆಲಸದ ಅನುಭವವೇ ಇರಲಿಲ್ಲ. 1973ರ ಜನವರಿಯಲ್ಲಿ ಇನ್ನೊಂದು ಸ್ಕೀ ಹರ್ಕ್ಯುಲಿಸ್ ದಕ್ಷಿಣ ಧ್ರುವದಲ್ಲಿ ಇಳಿಯುವಾಗ ನಷ್ಟವಾಯಿತು. ಅದೂ ಅಲ್ಲೇ ಉಳಿಯಿತು. ಲೆಕ್ಕಾಚಾರ ಬದಲಾದದ್ದು 1975ರಲ್ಲಿ, ಮೂರು ಸಾವಿರ ಮೀಟರಿಗೂ ಎತ್ತರದ ಡೋಮ್ ಸಿ ಎಂಬಲ್ಲಿ. ಜನವರಿಯಲ್ಲಿ ಅಲ್ಲಿಂದ ಮೇಲೇಳುವಾಗ 319 ಹಾನಿಗೊಂಡಿತು. ಅದರ ಸಿಬ್ಬಂದಿಯನ್ನು ಕರೆತರಲು ಹೋದ ವಿಮಾನವೂ ಮೇಲೇಳುವಾಗ ಹಾನಿಗೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಇವೆರಡರ ದುರಸ್ತಿಯ ಕೆಲಸಕ್ಕೆ ಹೋದ 320 ಕೂಡ ಅಲ್ಲೇ ಕೆಟ್ಟು ನಿಂತಿತು. ಸ್ಕೀ ಹರ್ಕ್ಯುಲಿಸ್‌ಗಳ ಸಂಖ್ಯೆಯೇ ಬೆರಳೆಣಿಕೆಯಷ್ಟಿದ್ದಾಗ ಮೂರನ್ನು ಒಂದೇ ಜಾಗದಲ್ಲಿ ಕಳೆದುಕೊಳ್ಳುವುದೆಂದರೆ ಇಡೀ ಕಾರ್ಯಕ್ರಮವೇ ಕುಂಟಿದಂತೆ. ಹಾಗಾಗಿ ಬೇರೆ ದಾರಿಯಿಲ್ಲದೆ ಅಲ್ಲೇ ಬಿಡಾರ ಹೂಡಿ, ಎಂಜಿನ್ ಹಾಗೂ ಬಿಡಿಭಾಗಗಳನ್ನು ತಂದು, ತೆರೆದ ಬಯಲಿನಲ್ಲೇ ರಿಪೇರಿ ಮಾಡಿ, 1976ರ ಕೊನೆಯೊಳಗೆ ಮೂರನ್ನೂ ಹಾರಿಸಿ ತಂದರು. ಹಿಮದ ನಡುವೆ ವಿಮಾನ ಕಟ್ಟಬಹುದೆಂಬ ವಿಶ್ವಾಸ ಅಲ್ಲಿ ಬಂತು. ಸಹಾಯಕ್ಕೆ ಹೋದ ವಿಮಾನವೇ ಮುಂದಿನ ಬಲಿಯಾಗಬಹುದೆಂಬ ಎಚ್ಚರಿಕೆಯೂ ಅಲ್ಲೇ ಇತ್ತು. ಡೋಮ್ ಸಿಯಲ್ಲಿ ಜೀವಹಾನಿ ಆಗದ್ದರಿಂದ ಆ ಎಚ್ಚರಿಕೆಗಿಂತ ವಿಶ್ವಾಸವೇ ಹೆಚ್ಚು ತೂಗಿತು ಎಂದು ನನಗನ್ನಿಸುತ್ತದೆ.

1980ರ ದಶಕದಲ್ಲಿ ಅಂಟಾರ್ಕ್ಟಿಕ್ ಕಾರ್ಯಕ್ರಮವನ್ನು ನಡೆಸುತ್ತಿದ್ದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದೆ ಇದ್ದ ಅಂಕಿಗಳು ನೇರವಾಗಿದ್ದವು. ಹೊಸ ಸ್ಕೀ ಹರ್ಕ್ಯುಲಿಸ್‌ಗೆ ಸುಮಾರು 3.8 ಕೋಟಿ ಡಾಲರ್. 321ನ್ನು ಅಗೆದು, ರಿಪೇರಿ ಮಾಡಿ ತರಲು ಅಂದಾಜು 1 ಕೋಟಿ ಡಾಲರ್. 1986-87ರ ಬೇಸಿಗೆಯಲ್ಲಿ ತಂಡವೊಂದು ಡಿ-59ರಲ್ಲಿ ಬಿಡಾರ ಹೂಡಿ ಅಗೆಯಲು ತೊಡಗಿತು. ಗಾಳಿ ಬೆಸೆದ ಹಿಮವನ್ನು ಯಂತ್ರಗಳಿಂದ ತಳ್ಳಬಹುದು. ವಿಮಾನದ ಮೈ ಹತ್ತಿರ ಬಂದಂತೆ ಯಂತ್ರ ನಿಲ್ಲಲೇಬೇಕು, ಏಕೆಂದರೆ ಹೊರಹೊದಿಕೆಯ ತಗಡು ಕೆಲವೇ ಮಿಲಿಮೀಟರ್ ದಪ್ಪದ್ದು. ಇಂದು ಅಗೆದ ಹಳ್ಳವನ್ನು ರಾತ್ರಿಯಿಲ್ಲದ ಆ ಊರಿನ ಗಾಳಿ ನಾಳೆ ತುಂಬುತ್ತದೆ. ಆ ಬೇಸಿಗೆಯಲ್ಲಿ ವಿಮಾನವನ್ನು ಗುಂಡಿಯಿಂದ ಮೇಲಕ್ಕೆಳೆದು ಹಿಮದ ಮೇಲ್ಮೈಗೆ ತಂದು ನಿಲ್ಲಿಸಲಾಯಿತು. ಹಾರುವಷ್ಟು ದುರಸ್ತಿ ಮಾಡುವುದು ಮುಂದಿನ ಬೇಸಿಗೆಯ ಕೆಲಸವಾಯಿತು.

ಆ ಮುಂದಿನ ಬೇಸಿಗೆಯಲ್ಲಿ, 1987ರ ಡಿಸೆಂಬರ್ 9ರಂದು, 159131 ಸಂಖ್ಯೆಯ ಹರ್ಕ್ಯುಲಿಸ್ 11 ಮಂದಿಯನ್ನೂ ದುರಸ್ತಿಯ ಬಿಡಿಭಾಗಗಳನ್ನೂ ಹೊತ್ತು ಡಿ-59ರಲ್ಲಿ ಇಳಿಯಲು ಬಂದಿತು. ಅದು 321ಕ್ಕಿಂತ ಬಹಳ ಹೊಸದು, 1970ರ ದಶಕದಲ್ಲಿ ಪಡೆಗೆ ಬಂದ ಎಲ್‌ಸಿ-130ಆರ್ ಮಾದರಿಯದು. ಇಳಿಯುವಾಗ ಅದು ಹಿಮಕ್ಕೆ ಅಪ್ಪಳಿಸಿ ಛಿದ್ರವಾಯಿತು. ನೌಕಾಪಡೆಯ ಇಬ್ಬರು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಆ ವಿಮಾನ ಮತ್ತೆ ಹಾರಲಿಲ್ಲ.

ಈ ಸಾವುಗಳನ್ನು ಬರೆದು ಮುಂದಿನ ವಾಕ್ಯಕ್ಕೆ ಹೋಗುವುದು ನನಗೆ ಸುಲಭವಾಗಿಲ್ಲ. 1 ಕೋಟಿ ಮತ್ತು 3.8 ಕೋಟಿ ಎಂಬ ಹೋಲಿಕೆ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಅದರಲ್ಲಿ ಇಲ್ಲದೇ ಹೋದದ್ದು ಡಿ-59ಕ್ಕೆ ಮಾಡಬೇಕಾದ ಒಂದೊಂದು ಹಾರಾಟದ ಅಪಾಯದ ಬೆಲೆ. ಹಳೆಯ ವಿಮಾನವನ್ನು ಉಳಿಸಿಕೊಳ್ಳಲು ಹೊಸ ವಿಮಾನವನ್ನೂ ಎರಡು ಜೀವಗಳನ್ನೂ ತೆತ್ತಂತಾಯಿತು. ಪಡೆಯ ವಿಮಾನಗಳ ಒಟ್ಟು ಸಂಖ್ಯೆ ಇದರಿಂದ ಹೆಚ್ಚಲೂ ಇಲ್ಲ. ಹಾಗೆಂದು ನಿರ್ಧಾರ ಮಾಡಿದವರನ್ನು ಹೊಣೆಗೇಡಿಗಳೆನ್ನುವುದು ನ್ಯಾಯವಲ್ಲ. ಅದೇ ಋತುವಿನಲ್ಲಿ ಅದೇ ಬಗೆಯ ವಿಮಾನಗಳು ಬೇರೆ ದೂರದ ಬಯಲುಗಳಲ್ಲೂ ವಿಜ್ಞಾನದ ಕೆಲಸಕ್ಕಾಗಿ ಇಳಿಯುತ್ತಿದ್ದವು, ಅಲ್ಲಿನ ಅಪಾಯವೂ ಇದಕ್ಕಿಂತ ತೀರ ಕಡಿಮೆಯೇನಲ್ಲ. ಆದರೆ ವಿಜ್ಞಾನಕ್ಕಾಗಿ ಇಳಿಯುವುದಕ್ಕೂ ವಿಮಾನಕ್ಕಾಗಿ ಇಳಿಯುವುದಕ್ಕೂ ವ್ಯತ್ಯಾಸವಿದೆ ಎಂಬ ಮಾತನ್ನು ಸತ್ತವರ ಮನೆಯವರು ಎತ್ತಿದರೆ ಅದಕ್ಕೆ ಸುಲಭದ ಉತ್ತರವಿಲ್ಲ.

ಕೆಲಸ ನಿಲ್ಲಲಿಲ್ಲ. ಅಪಘಾತವಾದ ಒಂದು ತಿಂಗಳಿಗೆ, 1988ರ ಜನವರಿ 10ರಂದು, 321 ತಾನು 16 ವರ್ಷಗಳಿಂದ ಬಿದ್ದಿದ್ದ ಜಾಗದಿಂದ ಮೇಲೆದ್ದು ಮೆಕ್‌ಮರ್ಡೊದಲ್ಲಿ ಇಳಿಯಿತು. ಅಲ್ಲಿಂದ ಕ್ರೈಸ್ಟ್‌ಚರ್ಚ್‌ಗೆ, ಅನಂತರ ಅಮೆರಿಕಕ್ಕೆ ಹೋಗಿ, ಪೂರ್ಣ ದುರಸ್ತಿಯ ಬಳಿಕ ಮತ್ತೆ ಸೇವೆಗೆ ಸೇರಿತು. ಅದು ಹಿಮದಡಿ ಇದ್ದಷ್ಟು ಕಾಲದಲ್ಲಿ ಅದರ ಸಮಕಾಲೀನ ವಿಮಾನಗಳು ದುಡಿದು ಹಳತಾಗಿದ್ದವು. ಇದರ ಲೋಹದ ಆಯಾಸ ಮಾತ್ರ 1971ರಲ್ಲೇ ನಿಂತಿತ್ತು. ಲೋಹಕ್ಕೆ ವಯಸ್ಸಾಗುವುದು ಕ್ಯಾಲೆಂಡರಿನಿಂದಲ್ಲ, ಹಾರಿದ ಗಂಟೆಗಳಿಂದ ಮತ್ತು ಇಳಿದ ಹೊಡೆತಗಳಿಂದ. ಅಗೆಯುವ ನಿರ್ಧಾರದ ಹಿಂದಿದ್ದ ತಾಂತ್ರಿಕ ಕಾರಣಗಳಲ್ಲಿ ಇದು ಗಟ್ಟಿಯಾದದ್ದು.

1969ರಲ್ಲಿ ವಿಎಕ್ಸ್‌ಇ-6 ಎಂದು ಹೆಸರು ಬದಲಿಸಿಕೊಂಡಿದ್ದ ಆ ಸ್ಕ್ವಾಡ್ರನ್ 1999ರ ಮಾರ್ಚ್‌ನಲ್ಲಿ ವಿಸರ್ಜನೆಯಾಯಿತು. ಅದರ ಕೆಲಸ ನ್ಯೂಯಾರ್ಕ್ ವಾಯು ರಾಷ್ಟ್ರೀಯ ರಕ್ಷಕದಳದ 109ನೇ ಏರ್‌ಲಿಫ್ಟ್ ವಿಂಗ್‌ಗೆ ಹೋಯಿತು. ಗ್ರೀನ್‌ಲೆಂಡಿನ ಹಿಮಹಾಸಿನ ಮೇಲೆ ಪಳಗಿದ ಆ ಪಡೆ ಇಂದಿಗೂ ಎಲ್‌ಸಿ-130ಎಚ್ ಮಾದರಿಯ ಸ್ಕೀ ಹರ್ಕ್ಯುಲಿಸ್‌ಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಈಗ ಹಳೆಯ ನಾಲ್ಕು ಅಲಗಿನ ಪ್ರೊಪೆಲ್ಲರ್ ಬದಲು ಎಂಟು ಅಲಗಿನವನ್ನು ಜೋಡಿಸಲಾಗಿದೆ. ನಿಂತಲ್ಲಿಂದ ಓಡಲು ತೊಡಗುವ ಮೊದಲ ಕೆಲವು ಸೆಕೆಂಡುಗಳಲ್ಲಿ, ಸ್ಕೀ ಹಿಮಕ್ಕೆ ಅಂಟಿಕೊಂಡಿರುವಾಗ, ಅವು ಹೆಚ್ಚು ಎಳೆತವನ್ನು ಕೊಡುತ್ತವೆ. ಅವನ್ನು ತಂದ ಮುಖ್ಯ ಉದ್ದೇಶಗಳಲ್ಲಿ ಒಂದು, ದಾಸ್ತಾನು ಮುಗಿಯುತ್ತ ಬಂದಿದ್ದ ಜಾಟೊ ರಾಕೆಟ್‌ಗಳ ಮೇಲಿನ ಅವಲಂಬನೆಯನ್ನು ಬಿಡುವುದು.